ಶೂನ್ಯ ಸಿಂಹಾಸನದ ಸುತ್ತಲಿನ ಜನ: ಅನುಭವ ಮಂಟಪದ ಚಿತ್ರವನ್ನು ಓದುವ ಬಗೆ

ಬಸವಕಲ್ಯಾಣ, ಮುಡಬಿ, ಹುಮನಾಬಾದ್ ಸೀಮೆಯ ಮಠಗಳಲ್ಲಿ, ಶಾಲೆಗಳಲ್ಲಿ, ಮನೆಯ ಪಡಸಾಲೆಗಳಲ್ಲಿ, 12ನೇ ಶತಮಾನದ ಶರಣರು ಸೇರುತ್ತಿದ್ದರೆನ್ನಲಾದ ಅನುಭವ ಮಂಟಪದ ಚಿತ್ರ ಎಷ್ಟು ಪರಿಚಿತವೆಂದರೆ ಅದನ್ನು ಯಾರೂ ಚಿತ್ರವೆಂದು ನಿಂತು ನೋಡುವುದಿಲ್ಲ. ಕಲಾವಿದರು ಬೇರೆ ಬೇರೆ, ಮುದ್ರಣಗಳು ಬೇರೆ ಬೇರೆ. ಆದರೂ ವಿನ್ಯಾಸ ಹೆಚ್ಚುಕಡಿಮೆ ಒಂದೇ. ಕಂಬಗಳ ಸಾಲಿನ ನಡುವೆ ಎತ್ತರದ ಪೀಠ, ಅದರ ಮೇಲೆ ಅಲ್ಲಮಪ್ರಭು, ಪೀಠದ ಇಕ್ಕೆಲಗಳಲ್ಲಿ ಬಸವಣ್ಣ, ಚೆನ್ನಬಸವಣ್ಣ ಮೊದಲಾದವರು, ಅವರಿಂದಾಚೆ ಒತ್ತೊತ್ತಾಗಿ ಕುಳಿತ ಶರಣ ಶರಣೆಯರು, ಒಂದು ಪಕ್ಕದಲ್ಲಿ ಕೂದಲನ್ನೇ ಉಡುಗೆಯಾಗಿಸಿಕೊಂಡ ಅಕ್ಕಮಹಾದೇವಿ. ಈ ಚಿತ್ರದ ಬಗ್ಗೆ ನಮ್ಮಲ್ಲಿ ನಡೆದಿರುವ ಚರ್ಚೆಯೆಲ್ಲ ಒಂದೇ ಪ್ರಶ್ನೆಯ ಸುತ್ತ ಸುತ್ತಿದೆ: ಇಂಥ ಮಂಟಪ ಇತ್ತೇ, ಇರಲಿಲ್ಲವೇ? ಇತ್ತೆನ್ನುವವರಿಗೆ ಚಿತ್ರ ಒಂದು ದಾಖಲೆ, ಇರಲಿಲ್ಲವೆನ್ನುವವರಿಗೆ ಕಟ್ಟುಕಥೆ. ಎರಡೂ ಕಡೆಯವರು ಚಿತ್ರವನ್ನು ಛಾಯಾಚಿತ್ರದಂತೆ ಭಾವಿಸುತ್ತಾರೆ ಎಂಬುದು ನನ್ನ ಆಕ್ಷೇಪ. ಜನ ತುಂಬಿದ ಒಂದು ಪವಿತ್ರ ಒಳಾಂಗಣದ ಚಿತ್ರವನ್ನು ಓದಲು ಬೇರೆ ದಾರಿಯಿದೆ. ಆ ದಾರಿಯಲ್ಲಿ ಹೋದರೆ ಈ ಚಿತ್ರದ ಗುಂಪು 12ನೇ ಶತಮಾನದ ಕಲ್ಯಾಣದ್ದಲ್ಲ, 15–16ನೇ ಶತಮಾನದ ವಚನ ಸಂಕಲನವಾದ ಶೂನ್ಯಸಂಪಾದನೆಯದು ಎಂದು ಕಾಣುತ್ತದೆ. ಅದರ ಪೀಠವಾದರೋ ಶೂನ್ಯಸಂಪಾದನೆಯದೂ ಅಲ್ಲ, ಅರಮನೆಯ ದರ್ಬಾರಿನದು. ಗುಂಪನ್ನು ಕೂಡಿಸುವಲ್ಲಿ ಚಿತ್ರ ತನ್ನ ಆಕರಕ್ಕೆ ನಿಷ್ಠವಾಗಿದೆ, ನಡುವನ್ನು ತುಂಬುವಲ್ಲಿ ಎಡವಿದೆ.

ಓದುವ ಕ್ರಮವೊಂದನ್ನು ಮೊದಲು ಗೊತ್ತುಮಾಡಿಕೊಳ್ಳಬೇಕು. ಅದಕ್ಕೆ ಇಟಲಿಯ ನವೋದಯ ಕಾಲದ ಎರಡು ಚಿತ್ರಗಳು ನೆರವಾಗುತ್ತವೆ. ವೆನಿಸ್‌ನ ವಿಟ್ಟೋರೆ ಕಾರ್ಪಾಚ್ಚೊ 1512ರ ಸುಮಾರಿಗೆ ಕಾಸ್ಟೆಲ್ಲೊದ ಸಂತ ಆಂಟೋನಿಯೊ ಚರ್ಚಿನ ಒಳಗನ್ನು ಬರೆದ. ಅರಾರತ್ ಬೆಟ್ಟದ ಮೇಲೆ ಶಿಲುಬೆಗೇರಿದರೆನ್ನಲಾದ ಹತ್ತು ಸಾವಿರ ಹುತಾತ್ಮರು ಆ ಚರ್ಚಿನೊಳಗೆ ಸಾಲುಗಟ್ಟಿ ನಡೆದುಬರುತ್ತಾರೆ; ಅಲ್ಲಿನ ಮುಖ್ಯಸ್ಥನಾಗಿದ್ದ ಪಾದ್ರಿಗೆ ಪ್ಲೇಗಿನ ದಿನಗಳಲ್ಲಿ ಕಂಡ ದರ್ಶನ ಅದು. ಇಲ್ಲಿ ಜನರ ಮೆರವಣಿಗೆ ಕನಸು, ಕಟ್ಟಡ ಮಾತ್ರ ನಿಜ. ಚಾವಣಿಯಿಂದ ಇಳಿಬಿದ್ದ ಹರಕೆಯ ಹಡಗುಗಳವರೆಗೆ ಎಲ್ಲವನ್ನೂ ಕಾರ್ಪಾಚ್ಚೊ ಕಂಡಂತೆ ಬರೆದಿದ್ದಾನೆ. ನೆಪೋಲಿಯನ್ನನ ಆಳ್ವಿಕೆಯಲ್ಲಿ ಆ ಚರ್ಚನ್ನು ಕೆಡವಿ ಉದ್ಯಾನ ಮಾಡಿದ ಮೇಲೆ ಅದರ ಒಳಗು ಹೇಗಿತ್ತೆಂದು ತಿಳಿಯಲು ಈ ಚಿತ್ರವೇ ಮುಖ್ಯ ಆಧಾರವಾಯಿತು. ರೋಮ್‌ನಲ್ಲಿ ಅದೇ ವರ್ಷಗಳಲ್ಲಿ, 1509ರಿಂದ 1511ರೊಳಗೆ, ರಾಫೆಲ್ ಎರಡನೆಯ ಜೂಲಿಯಸ್ ಪೋಪನ ಕೋಣೆಯ ಗೋಡೆಗಳಿಗೆ ಬರೆದ ‘ಸ್ಕೂಲ್ ಆಫ್ ಅಥೆನ್ಸ್’ ಇದಕ್ಕೆ ತಿರುವುಮುರುವು. ಅಲ್ಲಿನ ಜನರಲ್ಲಿ ಹಲವರು ಹೆಸರುಳ್ಳ ತತ್ವಜ್ಞಾನಿಗಳು. ಆದರೆ ಅವರು ನಿಂತಿರುವ ಭವ್ಯ ಕಮಾನಿನ ಭವನ ಅಥೆನ್ಸಿನಲ್ಲಿ ಎಂದೂ ಇರಲಿಲ್ಲ. ಕ್ರಿಸ್ತಪೂರ್ವ 6ನೇ ಶತಮಾನದ ಪೈಥಾಗೊರಸ್ ಬರೆಯುತ್ತಿರುವುದನ್ನು ಮುಂಡಾಸಿನ ಒಬ್ಬಾತ ಹೆಗಲ ಮೇಲಿಂದ ಬಗ್ಗಿ ನೋಡುತ್ತಿದ್ದಾನೆ. ಅವನು 12ನೇ ಶತಮಾನದ ಅರಬ್ ಪಂಡಿತ ಇಬ್ನ್ ರುಶ್ದ್ ಎಂದು ಗುರುತಿಸುವುದು ವಾಡಿಕೆ. ಎಂದರೆ ನಮ್ಮ ಬಸವಣ್ಣನವರ ಸಮಕಾಲೀನ. ಇದನ್ನು ಕಂಡು ರಾಫೆಲ್‌ಗೆ ಇತಿಹಾಸ ಗೊತ್ತಿರಲಿಲ್ಲವೆಂದು ಯಾರೂ ಹೇಳುವುದಿಲ್ಲ. ಇಂಥ ಚಿತ್ರದಲ್ಲಿ ಕಟ್ಟಡದ ಪ್ರಾಮಾಣ್ಯ ಬೇರೆ, ಗುಂಪಿನ ಪ್ರಾಮಾಣ್ಯ ಬೇರೆ ಎಂಬುದೇ ಇಲ್ಲಿಂದ ಕಲಿಯಬೇಕಾದ ಕ್ರಮ. ಒಂದನ್ನು ಒಪ್ಪಿದವರು ಇನ್ನೊಂದನ್ನು ಒಪ್ಪಲೇಬೇಕೆಂದಿಲ್ಲ.

ಮೊದಲು ಕಟ್ಟಡ. ಬಸವಣ್ಣನವರ ಕಾಲಕ್ಕೆ ಅತ್ಯಂತ ಹತ್ತಿರದ ಕಾವ್ಯ ಹರಿಹರನ ಬಸವರಾಜದೇವರ ರಗಳೆ. ಅದರ ಬಸವಣ್ಣ ಬಿಜ್ಜಳನ ಆಸ್ಥಾನ ಸೇರುವುದು ಮಂಗಳವಾಡದಲ್ಲಿ. ಶರಣರಿಗೆ ನಡೆಯುವ ದಾಸೋಹದ ಸಂಭ್ರಮ ಅಲ್ಲಿ ಹೇರಳವಾಗಿದೆ, ಆದರೆ ಸಿಂಹಾಸನವಿಟ್ಟು ನಡೆಸುವ ಸಭೆಯಿಲ್ಲ. ಅದೇ ಕವಿಯ ಪ್ರಭುದೇವರ ರಗಳೆಯಲ್ಲಿ ಅಲ್ಲಮನಿಗೂ ಬಸವಣ್ಣನವರಿಗೂ ಭೇಟಿಯೇ ಆಗುವುದಿಲ್ಲ. ಬೆಳಗಾವಿ ಜಿಲ್ಲೆಯ ಅರ್ಜುನವಾಡದ 1260ರ ಶಾಸನ ಬಸವಣ್ಣನವರನ್ನು ಹೆಸರಿಸುತ್ತದೆ, ಮಂಟಪವನ್ನಲ್ಲ. ಇದರಿಂದ ಶರಣರು ಎಲ್ಲಿಯೂ ಸೇರುತ್ತಿರಲಿಲ್ಲ ಎಂಬ ತೀರ್ಮಾನಕ್ಕೆ ನೆಗೆಯಬೇಕಿಲ್ಲ. ಒಬ್ಬರ ವಚನ ಇನ್ನೊಬ್ಬರ ಹೆಸರು ಹಿಡಿದು ನೆನೆಯುವುದು, ವಂದಿಸುವುದು, ಕೆಣಕುವುದು ನೂರಾರು ಕಡೆ ಸಿಗುತ್ತದೆ. ಮಾತು ನಡೆಯಿತೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಮಾತಿಗೆ ಚಾವಣಿ ಹೇಗಿತ್ತು ಎಂಬುದು ಮಾತ್ರ ಬೇರೆ ಪ್ರಶ್ನೆ. ಅದಕ್ಕೆ ಚಿತ್ರ ಕೊಡುವ ಉತ್ತರ ಚಿತ್ರಕಾರನದೇ.

ಹಾಗೆಂದು ಆ ಉತ್ತರವನ್ನು ನೆಲದ ಮೇಲಿನ ಕಲ್ಲುಗಳೊಂದಿಗೆ ಹೋಲಿಸಬಾರದೆಂದಿಲ್ಲ. ಬಸವಕಲ್ಯಾಣದ ಪಕ್ಕದ ನಾರಾಯಣಪುರದಲ್ಲಿ ಚಾಲುಕ್ಯ ಶೈಲಿಯ ಶಿವಾಲಯವಿದೆ. ಹುಮನಾಬಾದ್ ತಾಲ್ಲೂಕಿನ ಜಲಸಂಗಿಯ ಗುಡಿಯ ಹೊರಗೋಡೆಯಲ್ಲಿ ಆರನೆಯ ವಿಕ್ರಮಾದಿತ್ಯನ ಪ್ರಶಸ್ತಿಯನ್ನು ಕಲ್ಲಿನಲ್ಲಿ ಬರೆಯುತ್ತಿರುವ ಮದನಿಕೆ ಇಂದಿಗೂ ನಿಂತಿದ್ದಾಳೆ. ಇವು ಆ ಕಾಲದ, ಆ ಸೀಮೆಯ ನಿಜವಾದ ಒಳಾಂಗಣಗಳು. ನಾಲ್ಕು ಕಡೆದ ಕಂಬಗಳ ನಡುವೆ ರಂಗಶಿಲೆ, ಸುತ್ತ ಎಂಟು ಅಂಕಣ, ಬಾಗಿಲಿನಿಂದ ಬಂದಷ್ಟೇ ಬೆಳಕು: ಇಂಥ ನವರಂಗದಲ್ಲಿ ಚಿತ್ರದ ಜನಸ್ತೋಮ ಹಿಡಿಸುವುದಿಲ್ಲ. ದೊಡ್ಡ ಮಂಟಪಗಳು ಇರಲೇ ಇಲ್ಲವೇ ಎಂದರೆ, ಇದ್ದವು. ಕೊಪ್ಪಳ ಜಿಲ್ಲೆಯ ಇಟಗಿಯಲ್ಲಿ 1112ರಲ್ಲಿ ದಂಡನಾಯಕ ಮಹಾದೇವ ಕಟ್ಟಿಸಿದ ದೇವಾಲಯದ ತೆರೆದ ಮಂಟಪ ಹತ್ತಾರು ಕಂಬಗಳದು. ಆದರೆ ಈ ಬಗೆಯ ತೆರೆದ ಮಂಟಪಗಳ ಆಸನವ್ಯವಸ್ಥೆಯನ್ನು ಗಮನಿಸಬೇಕು. ಕೂರುವ ಜಾಗವಾದ ಕಕ್ಷಾಸನ ಅಂಚಿನಲ್ಲಿದೆ, ಒರಗಿಕೊಳ್ಳಲು ಇಳಿಜಾರಿನ ಕಲ್ಲು ಹಿಂದಿದೆ, ನಡುವೆ ಬಯಲು. ಕುಳಿತವರು ಒಬ್ಬರಿಗೊಬ್ಬರು ಎದುರಾಗುತ್ತಾರೆ. ಎಲ್ಲರೂ ಒಬ್ಬನ ಕಡೆಗೆ ಮುಖ ಮಾಡುವ ಏರ್ಪಾಡು ಅಲ್ಲಿಲ್ಲ. ನಮ್ಮ ಚಿತ್ರಕಾರರು ಚಾಲುಕ್ಯರ ಕಂಬವನ್ನು ತಂದರು, ಚಾಲುಕ್ಯರ ಕೂರುವ ಕ್ರಮವನ್ನು ತರಲಿಲ್ಲ.

ಊರಿನ ನೆನಪು ಇನ್ನೊಂದು ಸಾಕ್ಷಿ ಹೇಳುತ್ತದೆ. ಬಸವಕಲ್ಯಾಣದಲ್ಲಿ ತ್ರಿಪುರಾಂತಕ ಕೆರೆಯ ಸುತ್ತಮುತ್ತ ಅಕ್ಕನಾಗಮ್ಮನ ಗವಿ, ಹರಳಯ್ಯನ ಗವಿ, ನುಲಿಯ ಚಂದಯ್ಯನ ಗವಿ ಎಂದು ಬೇರೆ ಬೇರೆ ಶರಣರ ಹೆಸರಿನ ತಾಣಗಳನ್ನು ಜನ ತೋರಿಸುತ್ತಾರೆ. ಮಡಿವಾಳ ಮಾಚಯ್ಯನ ಹೆಸರಿನ ಹೊಂಡವಿದೆ. ಈ ಗುರುತುಗಳ ಪ್ರಾಚೀನತೆಯನ್ನು ವಾದಕ್ಕಿಡುತ್ತಿಲ್ಲ, ಅವುಗಳ ಸ್ವರೂಪವನ್ನಷ್ಟೇ ನೋಡಿ. ಸ್ಥಳಸ್ಮೃತಿ ಶರಣರನ್ನು ಊರ ತುಂಬ ಹರಡಿದೆ, ಅಗಸನನ್ನು ನೀರಿನ ಬಳಿಯಲ್ಲೇ ಬಿಟ್ಟಿದೆ. ಚಿತ್ರ ಅವರನ್ನೆಲ್ಲ ಎತ್ತಿ ಒಂದೇ ಸೂರಿನ ಕೆಳಗೆ ತಂದಿದೆ. ಹಾಗಾದರೆ ಈ ಒಗ್ಗೂಡಿಸುವ ಕೆಲಸ ಮೊದಲು ಮಾಡಿದ್ದು ಯಾರು? ಚಿತ್ರಕಾರರಲ್ಲ. ಅವರಿಗಿಂತ ಶತಮಾನಗಳ ಹಿಂದೆ ಅದನ್ನು ಮಾಡಿದವರು ಶೂನ್ಯಸಂಪಾದನೆಯ ಸಂಕಲನಕಾರರು.

ಶೂನ್ಯಸಂಪಾದನೆ ಸ್ವತಂತ್ರವಾಗಿ ಬರೆದ ಕೃತಿಯಲ್ಲ, ಜೋಡಿಸಿದ ಕೃತಿ. ಶಿವಗಣಪ್ರಸಾದಿ ಮಹಾದೇವಯ್ಯ, ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗ, ಗೂಳೂರ ಸಿದ್ಧವೀರಣ್ಣ ಈ ನಾಲ್ವರೂ ಬೇರೆ ಬೇರೆ ಸಂದರ್ಭಗಳಲ್ಲಿ ಹುಟ್ಟಿ ಚದುರಿಹೋಗಿದ್ದ ವಚನಗಳನ್ನು ಆಯ್ದು, ಒಂದು ಪ್ರಶ್ನೆಯಾಗಿ ಇನ್ನೊಂದು ಉತ್ತರವಾಗಿ ಕಾಣುವಂತೆ ಎದುರುಬದುರು ಇಟ್ಟು, ನಡುವೆ ಗದ್ಯದ ಕೊಂಡಿ ಹಾಕಿದರು. ಓದುವವನ ಕಿವಿಗೆ ಅದು ಒಂದೇ ಸಭೆಯ ಸಂವಾದ. ಸಿದ್ಧರಾಮನಿಗೆ ಲಿಂಗದೀಕ್ಷೆಯಾಗುವ ಪ್ರಸಂಗ ಮೊದಲ ಪರಿಷ್ಕರಣದಲ್ಲಿ ಇಲ್ಲ, ಮುಂದಿನವರು ಸೇರಿಸಿದರು. ಎಂದರೆ ಸಭೆಯಲ್ಲಿ ಯಾರು ಎಲ್ಲಿ ಯಾವ ಸ್ಥಿತಿಯಲ್ಲಿ ಕೂರಬೇಕೆಂಬುದು ಸಂಕಲನಕಾರರ ನಡುವಿನ ವಿವಾದವೂ ಆಗಿತ್ತು. ರಾಫೆಲ್ ಗೋಡೆಯ ಮೇಲೆ ಮಾಡಿದ್ದು ಈ ಕೆಲಸವನ್ನೇ: ಕಾಲದಲ್ಲಿ ದೂರವಾಗಿದ್ದವರನ್ನು ವಿಚಾರದಲ್ಲಿ ಹತ್ತಿರ ಕೂಡಿಸುವುದು. ಎರಡೂ ಕಡೆ ಇದು ನಡೆದ ಕಾಲವೂ ತೀರ ದೂರದ್ದಲ್ಲ. ಒಬ್ಬರ ಪ್ರಭಾವ ಇನ್ನೊಬ್ಬರ ಮೇಲೆ ಬಿತ್ತೆಂಬ ಮಾತು ಹಾಸ್ಯಾಸ್ಪದ. ಹಿಂದಿನವರ ಮಾತು ರಾಶಿಯಾಗಿ ಕೈಗೆ ಬಂದಾಗ ಅದನ್ನು ಕ್ರಮಗೊಳಿಸುವ ಒಂದು ದಾರಿಯೆಂದರೆ ಮಾತಾಡಿದವರನ್ನೆಲ್ಲ ಒಂದೆಡೆ ಸೇರಿಸುವುದು, ಅಷ್ಟೆ. ಆದ್ದರಿಂದ ಶರಣರನ್ನು 770 ಅಮರಗಣಂಗಳೆಂದು ಎಣಿಸುವ ಪರಂಪರೆಯನ್ನು ನೆಚ್ಚಿಕೊಂಡ ಚಿತ್ರಕಾರ ಬಸವಣ್ಣನವರಿಗಿಂತ ಹಿಂದಿನವನಾದ ಜೇಡರ ದಾಸಿಮಯ್ಯನನ್ನು ಅವರ ಎದುರಿಗೆ ಕೂರಿಸಿದರೆ ಅದು ಕಾಲದೋಷವಲ್ಲ. ಗುಂಪಿನ ವಿಷಯದಲ್ಲಿ ಚಿತ್ರ ಸುಳ್ಳಾಡುತ್ತಿಲ್ಲ. ಅದು ಶೂನ್ಯಸಂಪಾದನೆಯ ವ್ಯಾಕರಣವನ್ನು ಬಣ್ಣಕ್ಕೆ ಇಳಿಸುತ್ತಿದೆ.

ಗುಂಪಿನಲ್ಲಿ ಯಾರು ಯಾರೆಂದು ತಿಳಿಯುವ ಬಗೆ ಇದನ್ನು ಇನ್ನಷ್ಟು ಸ್ಪಷ್ಟಪಡಿಸುತ್ತದೆ. ಶರಣರ ಮುಖಲಕ್ಷಣ ಯಾರಿಗೂ ಗೊತ್ತಿಲ್ಲ, ಹಾಗಾಗಿ ಚಿತ್ರಕಾರ ಕೈಗೊಂದು ಗುರುತು ಕೊಡುತ್ತಾನೆ: ಅಂಬಿಗರ ಚೌಡಯ್ಯನಿಗೆ ಹುಟ್ಟು, ಮಾಚಯ್ಯನಿಗೆ ಬಟ್ಟೆಯ ಗಂಟು, ಚಂದಯ್ಯನಿಗೆ ಹಗ್ಗ, ಮೇದಾರ ಕೇತಯ್ಯನಿಗೆ ಬಿದಿರು, ಹರಳಯ್ಯನಿಗೆ ಪಾದರಕ್ಷೆ. ಯುರೋಪಿನ ಧಾರ್ಮಿಕ ಚಿತ್ರಗಳಲ್ಲೂ ಸಂತರನ್ನು ಗುರುತಿಸುವುದು ಹೀಗೆಯೇ. ರಾಫೆಲ್ ಅದೇ ಕೋಣೆಯ ಇನ್ನೊಂದು ಗೋಡೆಗೆ ಬರೆದ ‘ಡಿಸ್ಪೂಟಾ’ದಲ್ಲಿ ಪೀಟರನ ಕೈಯಲ್ಲಿ ಬೀಗದ ಕೈ, ಪಾಲನ ಬಳಿ ಕತ್ತಿ. ಆದರೆ ಒಂದು ವ್ಯತ್ಯಾಸ ದೊಡ್ಡದು. ಪಾಲನ ಕತ್ತಿ ಅವನ ಶಿರಚ್ಛೇದದ ಗುರುತು; ಹುತಾತ್ಮರ ಗುರುತು ಹಲವು ವೇಳೆ ಅವರನ್ನು ಕೊಂದ ಆಯುಧ. ಹರಳಯ್ಯನ ಸಾವೂ ಕ್ರೂರವಾದದ್ದೇ. ಮಧುವರಸನ ಮಗಳಿಗೂ ಹರಳಯ್ಯನ ಮಗನಿಗೂ ಆದ ಮದುವೆ, ಅದಕ್ಕೆ ಬಿಜ್ಜಳ ವಿಧಿಸಿದ ಎಳೆಹೂಟೆಯ ಶಿಕ್ಷೆ ಪುರಾಣಗಳು ಮತ್ತೆ ಮತ್ತೆ ಹೇಳುವ ಕಥೆ. ಆದರೂ ಅನುಭವ ಮಂಟಪದ ಚಿತ್ರ ಅವನನ್ನು ಗುರುತಿಸುವುದು ಪಾದರಕ್ಷೆಯಿಂದ, ಅವನನ್ನು ಎಳೆದ ಆನೆಯಿಂದಲ್ಲ. ಸಾವಿನ ಬದಲು ಕಾಯಕವನ್ನು ಲಾಂಛನವಾಗಿ ಆರಿಸಿಕೊಂಡದ್ದು ಸಾಮಾನ್ಯ ನಿರ್ಧಾರವಲ್ಲ. ಅದು ವಚನಗಳ ಅಂಕಿತಗಳಿಗೂ ವಚನಕಾರರ ಹೆಸರುಗಳಿಗೂ ಹತ್ತಿರವಾದದ್ದು; ಈ ಕ್ಯಾಲೆಂಡರ್ ಚಿತ್ರಕಾರರ ಅತ್ಯುತ್ತಮ ಒಳನೋಟ ಇದೇ ಎಂದು ನನಗೆ ಅನ್ನಿಸುತ್ತದೆ.

ಇನ್ನು ಪೀಠ. ಅಲ್ಲಮನ ಪೀಠಕ್ಕೆ ಪರಂಪರೆ ಕೊಟ್ಟ ಶೂನ್ಯ ಸಿಂಹಾಸನವೆಂಬ ಹೆಸರಿನ ಕಲ್ಪನೆಯೇ ಚಿತ್ರಕಾರನಿಗೆ ಒಡ್ಡಿದ ಸವಾಲು: ಏನೂ ಇಲ್ಲದಿರುವುದನ್ನು ಕೂರುವ ಜಾಗವಾಗಿ ತೋರಿಸಬೇಕು. ನಮ್ಮ ಚಿತ್ರಗಳು ಈ ಸವಾಲನ್ನು ಸಿಂಹದ ಕೆತ್ತನೆಯ ಆಸನ, ಮೆಟ್ಟಿಲು, ಕೆಲವೆಡೆ ಮೇಲೊಂದು ಮೇಲುಕಟ್ಟು, ತಲೆಯ ಹಿಂದೆ ಪ್ರಭಾವಲಯ ಇಟ್ಟು ಮುಗಿಸಿಬಿಟ್ಟಿವೆ. ಕಂಬಗಳೂ ನೆಲದ ಗೆರೆಗಳೂ ಹಿಂದಕ್ಕೆ ಓಡಿ ಸೇರುವ ಬಿಂದು ಅಲ್ಲಮನ ಮೇಲೆಯೇ ಬೀಳುತ್ತದೆ. ಕುಳಿತವರ ದೃಷ್ಟಿಯೂ ಅಲ್ಲಿಗೇ. ಇದು ರಾಜಸಭೆಯ ವಿನ್ಯಾಸ. ಇದರ ಮೂಲವನ್ನು ಹುಡುಕಲು 12ನೇ ಶತಮಾನಕ್ಕೆ ಹೋಗಬೇಕಿಲ್ಲ. 1894ರಲ್ಲಿ ಶುರುವಾದ ರವಿವರ್ಮನ ಮುದ್ರಣಾಲಯದ ಓಲಿಯೋಗ್ರಾಫ್‌ಗಳು, ಕಂಪನಿ ನಾಟಕಗಳ ದರ್ಬಾರ್ ಪರದೆ, ಮುಂದೆ ಪೌರಾಣಿಕ ಸಿನಿಮಾದ ಸೆಟ್ಟು ಈ ಬಗೆಯ ನೋಟವನ್ನು ಕನ್ನಡದ ಕಣ್ಣಿಗೆ ರೂಢಿ ಮಾಡಿದವು. ಪರಿಣಾಮವಾಗಿ ಗುಂಪಿನಲ್ಲಿರುವ ಯಾರೂ ಮಾತಾಡುತ್ತಿಲ್ಲ. ಎಲ್ಲರ ಕೈ ಮುಗಿದಿದೆ. ಶೂನ್ಯಸಂಪಾದನೆಯಲ್ಲಿ ಅಕ್ಕ ಬಂದಾಗ ಅಲ್ಲಮ ಅವಳನ್ನು ಹರಸುವುದಿಲ್ಲ, ಅಡ್ಡಗಟ್ಟಿ ಕೇಳುತ್ತಾನೆ. ಉಡುಗೆ ಬಿಟ್ಟವಳು ಕೂದಲನ್ನೇಕೆ ಹೊದ್ದೆ ಎನ್ನುವಷ್ಟು ಕಠಿಣವಾಗಿ ಕೇಳುತ್ತಾನೆ, ಅವಳು ಅಷ್ಟೇ ಖಚಿತವಾಗಿ ಉತ್ತರಿಸುತ್ತಾಳೆ. ಚಿತ್ರದ ಅಕ್ಕ ಮಾತ್ರ ದರ್ಶನಕ್ಕೆ ಬಂದ ಭಕ್ತೆ. ಮುಕ್ತಾಯಕ್ಕನ ಅಳಲು, ಆಯ್ದಕ್ಕಿ ಲಕ್ಕಮ್ಮ ಹೆಚ್ಚು ಅಕ್ಕಿ ತಂದ ಗಂಡನನ್ನು ಹಿಂದಕ್ಕೆ ಕಳಿಸಿದ ನಿಷ್ಠುರ, ಇವು ಯಾವುವೂ ಈ ವಿನ್ಯಾಸದೊಳಗೆ ಹುಟ್ಟಲಾರವು.

ಚಿತ್ರವೆಂದ ಮೇಲೆ ಒಂದು ಕೇಂದ್ರ ಬೇಕಲ್ಲವೇ, ಜನರನ್ನು ತುಂಬಿದ ದೊಡ್ಡ ದೃಶ್ಯ ಅದಿಲ್ಲದೆ ಹೇಗೆ ನಿಂತೀತು ಎಂದು ಕೇಳಬಹುದು. ಕೇಂದ್ರ ಬೇಕು, ಆದರೆ ಅಲ್ಲಿ ವ್ಯಕ್ತಿಯೇ ಇರಬೇಕೆಂಬ ನಿಯಮವಿಲ್ಲ. ‘ಸ್ಕೂಲ್ ಆಫ್ ಅಥೆನ್ಸ್’ನ ಗೆರೆಗಳೆಲ್ಲ ಹೋಗಿ ಸೇರುವ ಜಾಗವನ್ನು ಹುಡುಕಿದರೆ ಅಲ್ಲಿ ಪ್ಲೇಟೊ ಇಲ್ಲ, ಅರಿಸ್ಟಾಟಲ್ ಇಲ್ಲ, ಮಾತಾಡುತ್ತ ನಡೆದುಬರುವ ಆ ಇಬ್ಬರ ನಡುವಿನ ತೆರವಿದೆ. ಒಬ್ಬನ ಕೈ ಮೇಲಕ್ಕೆ ತೋರುತ್ತದೆ, ಇನ್ನೊಬ್ಬನ ಕೈ ನೆಲದ ಕಡೆಗೆ ಚಾಚಿದೆ. ಭಿನ್ನಮತವೇ ಚಿತ್ರದ ಕೇಂದ್ರ. ‘ಡಿಸ್ಪೂಟಾ’ದಲ್ಲಿ ಪೋಪರು, ಬಿಷಪ್ಪರು, ಪಂಡಿತರು ಕಿಕ್ಕಿರಿದಿದ್ದಾರೆ, ನಡುವಿನ ವೇದಿಕೆಯ ಮೇಲಿರುವುದು ಪ್ರಸಾದದ ಬಿಳಿ ಬಿಲ್ಲೆಯನ್ನಿಟ್ಟ ಒಂದು ಪುಟ್ಟ ಪಾತ್ರೆ. ಜನ ಅದರ ಕಡೆ ತಿರುಗಿದ್ದಾರೆ, ಪುಸ್ತಕ ತೆರೆದಿದ್ದಾರೆ, ಪಕ್ಕದವನಿಗೆ ವಾದ ಮಾಡಿ ತೋರಿಸುತ್ತಿದ್ದಾರೆ. ಪೋಪನ ಸ್ವಂತ ಕೋಣೆಗೆ ಬರೆದ ಚಿತ್ರಗಳಿವು ಎಂಬುದನ್ನು ಮರೆಯಬಾರದು. ಅಧಿಕಾರದ ಗೂಡಿನಲ್ಲೇ ಕುಳಿತು ಬರೆದವನಿಗೆ ನಡುವನ್ನು ಸಿಂಹಾಸನದಿಂದ ಬಿಡಿಸಲು ಸಾಧ್ಯವಾಯಿತು. ಶೂನ್ಯವನ್ನೇ ಸಿಂಹಾಸನವೆಂದು ಕರೆದ ಪರಂಪರೆಯ ಚಿತ್ರಕಾರರಿಗೆ ಅದು ಹೊಳೆಯಲಿಲ್ಲ.

ಪರದೇಶದ ಅಳತೆಗೋಲಿನಿಂದ ನಮ್ಮ ಚಿತ್ರವನ್ನು ಅಳೆಯುವುದು ಅನ್ಯಾಯವೆಂಬ ಇನ್ನೊಂದು ಆಕ್ಷೇಪವೂ ಬರಬಹುದು. ನಮ್ಮ ಚಿತ್ರ ಅಜಂತೆಯ ಅಥವಾ ಹಂಪಿಯ ವಿರೂಪಾಕ್ಷ ದೇವಾಲಯದ ಚಾವಣಿಯ ಮಾದರಿಯಲ್ಲಿ ಬರೆದದ್ದಾಗಿದ್ದರೆ ಆ ಆಕ್ಷೇಪವನ್ನು ಒಪ್ಪುತ್ತಿದ್ದೆ. ವಿರೂಪಾಕ್ಷದ ರಂಗಮಂಟಪದ ಚಾವಣಿಯಲ್ಲಿ ಮೆರವಣಿಗೆಯ ಜನ ಒಂದೇ ಪಟ್ಟಿಯಲ್ಲಿ ಸಾಲಾಗಿ ಸಾಗುತ್ತಾರೆ. ಅಲ್ಲಿ ದೂರ ಹತ್ತಿರಗಳ ಲೆಕ್ಕವೇ ಬೇರೆ. ಅನುಭವ ಮಂಟಪದ ಚಿತ್ರವಾದರೋ ಒಂದೇ ಬಿಂದುವಿಗೆ ಕುಗ್ಗುವ ಯಥಾದರ್ಶನವನ್ನು ತಾನೇ ಆರಿಸಿಕೊಂಡಿದೆ. ಆ ತಂತ್ರ ಇಟಲಿಯಲ್ಲಿ 15ನೇ ಶತಮಾನದಲ್ಲಿ ನೆಲೆಗೊಂಡದ್ದು, ಕಲಾಶಾಲೆಗಳ ಮೂಲಕ ಇಲ್ಲಿಗೆ ಬಂದದ್ದು. ಬಳಸಿದ ಉಪಕರಣದಿಂದ ಬೇರೆಯವರು ಏನು ಮಾಡಿದರೆಂದು ನೋಡುವುದು ಅನ್ಯಾಯವಾಗಲಾರದು. ಒಂದು ಕಣ್ಣಿನ ನೋಟಕ್ಕೆ ಲೋಕವನ್ನೆಲ್ಲ ಒಗ್ಗಿಸುವ ಈ ತಂತ್ರ ಹಲವರ ಮಾತನ್ನು ಹೇಳಲು ಒಗ್ಗುತ್ತದೆಯೇ ಎಂಬ ಗಟ್ಟಿ ಪ್ರಶ್ನೆ ಉಳಿದೇ ಇದೆ. ಹಂಪಿಯ ಪಟ್ಟಿಯ ಕ್ರಮವೇ ಶೂನ್ಯಸಂಪಾದನೆಯ ಪ್ರಸಂಗಗಳಿಗೆ ಹೆಚ್ಚು ಹೊಂದೀತು ಎಂದು ವಾದಿಸಲು ಸಾಧ್ಯ.

ಇದು ಪೂಜೆಯ ಚಿತ್ರ, ವಾದದ ಚಿತ್ರವಲ್ಲ, ಭಕ್ತರಿಗೆ ಬೇಕಾದದ್ದು ದರ್ಶನ ಎಂಬ ಸಮಾಧಾನ ಒಂದು ಕಾಲಕ್ಕೆ ಸಲ್ಲುತ್ತಿತ್ತು. ಈಗ ಸಲ್ಲದು. ಫ.ಗು. ಹಳಕಟ್ಟಿಯವರ ವಚನಶಾಸ್ತ್ರಸಾರ 1923ರಲ್ಲಿ ಹೊರಬಂದ ಮೇಲೆ ವಚನಗಳು ಮಠದ ಕಟ್ಟುಗಳಿಂದ ಸಾರ್ವಜನಿಕ ಓದಿಗೆ ಬಂದವು. ಅನುಭವ ಮಂಟಪವೂ ಕ್ರಮೇಣ ‘ಜಗತ್ತಿನ ಮೊದಲ ಸಂಸತ್ತು’ ಎಂಬ ಬಿರುದು ಪಡೆಯಿತು. 2024ರ ಡಿಸೆಂಬರಿನಲ್ಲಿ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಅನುಭವ ಮಂಟಪದ ಬೃಹತ್ ತೈಲವರ್ಣ ಚಿತ್ರದ ಅನಾವರಣವಾಯಿತು. ಶಾಸನಸಭೆಯ ಗೋಡೆಗೇರಿದ ಮೇಲೆ ಚಿತ್ರ ವಾದದಿಂದ ತಪ್ಪಿಸಿಕೊಳ್ಳಲಾರದು. ಸಂಸತ್ತೆಂಬ ಹೋಲಿಕೆಯೇ ಸಡಿಲವಾದದ್ದು. ಮಂಟಪದಲ್ಲಿ ಮತ ಹಾಕುವವರಿರಲಿಲ್ಲ, ಕಾನೂನು ಆಗುತ್ತಿರಲಿಲ್ಲ. ಆ ಹೋಲಿಕೆಯಲ್ಲಿ ಉಳಿಯುವ ನಿಜವಾದ ಅಂಶವೆಂದರೆ ಅಂಬಿಗನಿಗೂ ಮಂತ್ರಿಗೂ ಸಮನಾಗಿ ಮಾತಿನ ಹಕ್ಕಿತ್ತೆಂಬುದು. ಚಿತ್ರದಲ್ಲಿ ಕಾಣದಿರುವುದು ಅದೊಂದೇ.

ಈ ಮಾತು ಕಲಾವಿಮರ್ಶೆಗಷ್ಟೇ ಸಂಬಂಧಿಸಿದ್ದಲ್ಲ, ಏಕೆಂದರೆ ಚಿತ್ರ ಈಗ ಕಟ್ಟಡವಾಗುತ್ತಿದೆ. 2021ರ ಜನವರಿ 6ರಂದು ಬಸವಕಲ್ಯಾಣದಲ್ಲಿ ಹೊಸ ಅನುಭವ ಮಂಟಪಕ್ಕೆ ಅಡಿಗಲ್ಲು ಬಿತ್ತು; ಯೋಜನೆಯಲ್ಲಿ 770 ಅಮರಗಣಂಗಳ ಲೆಕ್ಕಕ್ಕೆ 770 ಕಂಬಗಳಿವೆ. ರೋಮ್‌ನಲ್ಲೂ ಇಂಥದೇ ನಡೆದಿತ್ತು. ‘ಸ್ಕೂಲ್ ಆಫ್ ಅಥೆನ್ಸ್’ನ ಭವನ 1506ರಲ್ಲಿ ಆರಂಭವಾದ ಹೊಸ ಸಂತ ಪೀಟರ್ ಚರ್ಚಿಗೆ ಬ್ರಮಾಂಟೆ ಯೋಚಿಸಿದ್ದ ವಿನ್ಯಾಸವನ್ನು ಹೋಲುತ್ತದೆಂದು ಕಲಾಚರಿತ್ರಕಾರರು ಬಹಳ ಹಿಂದೆಯೇ ಗುರುತಿಸಿದ್ದಾರೆ, ಕಟ್ಟಡ ಏಳುವ ಮೊದಲೇ ಅದರ ಒಳಗು ಚಿತ್ರದಲ್ಲಿ ಎದ್ದಿತ್ತು. 1514ರಲ್ಲಿ ಬ್ರಮಾಂಟೆ ತೀರಿಕೊಂಡಾಗ ಆ ಚರ್ಚಿನ ಹೊಣೆ ರಾಫೆಲ್‌ಗೇ ಬಂತು. ಹೀಗೆ ಬಣ್ಣದಲ್ಲಿ ಮೊದಲು ತೀರ್ಮಾನವಾದದ್ದು ಮುಂದೆ ಕಲ್ಲಿನಲ್ಲಿ ಗಟ್ಟಿಯಾಗುವ ಸಂಭವವಿರುವಾಗ, ಬಸವಕಲ್ಯಾಣದ ಹೊಸ ಮಂಟಪದ ಒಳಗೆ ಚಿತ್ರ ಬರೆಯುವವರು ರೂಢಿಯ ದರ್ಬಾರನ್ನೇ ದೊಡ್ಡದಾಗಿಸಬೇಕಿಲ್ಲ. ಶೂನ್ಯಸಂಪಾದನೆಯಲ್ಲೇ ಬೇರೊಂದು ಪ್ರಸಂಗ ಸಿದ್ಧವಾಗಿದೆ. ಅಲ್ಲಮನೂ ಸಿದ್ಧರಾಮನೂ ಕಲ್ಯಾಣಕ್ಕೆ ಬಂದು ಬಸವಣ್ಣನವರ ಮಹಮನೆಯ ಬಾಗಿಲಲ್ಲಿ ನಿಂತಿದ್ದಾರೆ. ಬಸವಣ್ಣನವರು ಒಳಗೆ ಲಿಂಗಪೂಜೆಯಲ್ಲಿದ್ದಾರೆ, ಎದ್ದು ಬಂದಿಲ್ಲ. ಕರೆಯಲು ಹಡಪದ ಅಪ್ಪಣ್ಣನನ್ನು ಕಳಿಸಿದ್ದಾರೆ. ಕರೆದ ಮಾತ್ರಕ್ಕೆ ಅಲ್ಲಮ ಒಳಗೆ ಬರುವವನಲ್ಲ. ಹೊಸ್ತಿಲಿನ ಮೇಲೆ ತಕರಾರು ಶುರುವಾಗುತ್ತದೆ, ಚೆನ್ನಬಸವಣ್ಣ ಅದರೊಳಗೆ ಬಾಯಿ ಹಾಕುತ್ತಾನೆ. ಈ ಗಳಿಗೆಯಲ್ಲಿ ಸಿಂಹಾಸನದ ಮೇಲೆ ಯಾರೂ ಕುಳಿತಿಲ್ಲ, ಜನರೆಲ್ಲ ಬಾಗಿಲಿನ ಕಡೆ ತಿರುಗಿದ್ದಾರೆ, ಮತ್ತು ಇಡೀ ಸಭೆ ಮಾತಿನಲ್ಲಿದೆ.